ಇಂಗ್ಲಿಷ್ ಬೋಧನೆಯಲ್ಲಿ ಸ್ನಾತಕೋತ್ತರ ಪದವಿ: ಕೋರ್ಸಿನ ಆಯ್ಕೆ ಮತ್ತು ಹಣದ ಏರ್ಪಾಡು

ಇಂಗ್ಲಿಷ್ ಭಾಷಾ ಬೋಧನೆಯಲ್ಲಿ ಸ್ನಾತಕೋತ್ತರ ಪದವಿ ಪಡೆಯಲು ಹೊರಟ ಅನೇಕರು ಮೊದಲು ವಿಶ್ವವಿದ್ಯಾಲಯವನ್ನು ಗೊತ್ತುಮಾಡಿಕೊಂಡು, ಪ್ರವೇಶ ಸಿಕ್ಕ ಮೇಲೆ ಹಣಕ್ಕೆ ದಾರಿ ಹುಡುಕುತ್ತಾರೆ. ಆದರೆ ಪೂರ್ಣ ವೆಚ್ಚ ಭರಿಸುವ ಹಲವು ವಿದ್ಯಾರ್ಥಿವೇತನಗಳ ಗಡುವು ತರಗತಿಗಳು ಆರಂಭವಾಗುವುದಕ್ಕೆ ಸುಮಾರು ಒಂದು ವರ್ಷ ಮೊದಲೇ ಮುಗಿದುಹೋಗಿರುತ್ತದೆ. ಆದ್ದರಿಂದ ಈ ಎರಡನ್ನೂ ಒಂದೇ ಕೆಲಸವೆಂದು ಬಗೆದು, ಸೇರಬೇಕೆಂದಿರುವ ಸಮಯಕ್ಕೆ ಒಂದೂವರೆ ವರ್ಷ ಮುಂಚೆಯೇ ತೊಡಗಬೇಕು.

ಕೋರ್ಸಿನ ಹೆಸರನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಟೆಸಾಲ್ (ಅನ್ಯಭಾಷಿಕರಿಗೆ ಇಂಗ್ಲಿಷ್ ಕಲಿಸುವುದು), ಅನ್ವಯಿಕ ಭಾಷಾವಿಜ್ಞಾನ, ಇಂಗ್ಲಿಷ್ ಭಾಷಾ ಬೋಧನೆ ಎಂಬ ಹೆಸರುಗಳಡಿ ಒಂದೊಂದು ವಿಭಾಗವೂ ತನಗೆ ಬೇಕಾದುದನ್ನು ಕಲಿಸುತ್ತದೆ. ಕಡ್ಡಾಯ ಪತ್ರಿಕೆಗಳು ಯಾವುವು, ಐಚ್ಛಿಕ ಪತ್ರಿಕೆಗಳಲ್ಲಿ ಈ ವರ್ಷ ನಿಜವಾಗಿ ನಡೆಯುವುವು ಯಾವುವು ಎಂಬುದನ್ನು ನೋಡಿ. ಮುಂದೆ ಶಿಕ್ಷಕರ ತರಬೇತಿಗೆ ಹೋಗುವವರಿಗೂ, ಪರೀಕ್ಷಾ ವಿನ್ಯಾಸದ ಕೆಲಸ ಬಯಸುವವರಿಗೂ, ಪಿಎಚ್‌ಡಿ ಮಾಡುವವರಿಗೂ ಒಂದೇ ಕೋರ್ಸು ಹೊಂದುವುದಿಲ್ಲ. ಅಲ್ಲಿನ ಅಧ್ಯಾಪಕರು ಇತ್ತೀಚೆಗೆ ಬರೆದ ಲೇಖನಗಳನ್ನು ಓದಿದರೆ ನಿಮ್ಮ ಪ್ರಬಂಧಕ್ಕೆ ಮಾರ್ಗದರ್ಶಕರು ಸಿಗುವರೇ ಎಂಬುದು ತಿಳಿಯುತ್ತದೆ. ಒಟ್ಟಾರೆ ಶ್ರೇಯಾಂಕದ ಪಟ್ಟಿಗಿಂತ ಈ ಓದು ಹೆಚ್ಚು ಉಪಯುಕ್ತವೆಂದು ನಾನು ಭಾವಿಸುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಬೋಧನಾ ಅಭ್ಯಾಸದ ವಿಷಯದಲ್ಲಿ. ಅನೇಕ ಕೋರ್ಸುಗಳು ವಿದ್ಯಾರ್ಥಿಗಳು ಈಗಾಗಲೇ ಶಿಕ್ಷಕರೆಂದು ಎಣಿಸುವುದರಿಂದ, ಮೇಲ್ವಿಚಾರಣೆಯಲ್ಲಿ ಪಾಠ ಮಾಡುವ ಅವಕಾಶವನ್ನೇ ಇಟ್ಟಿರುವುದಿಲ್ಲ. ಆದರೆ ಇಂಗ್ಲಿಷ್ ಕಲಿಸಲು ಹೊರಟವರಿಗೆ ಕೇಂಬ್ರಿಜ್ ಕೊಡುವ ಸೆಲ್ಟಾ ಪ್ರಮಾಣಪತ್ರದಲ್ಲಿ ನಿಜವಾದ ಕಲಿಯುವವರ ಮುಂದೆ ಕನಿಷ್ಠ 6 ಗಂಟೆ ಪಾಠ ಮಾಡಿ ಮೌಲ್ಯಮಾಪನಕ್ಕೆ ಒಳಗಾಗಬೇಕು. ಇಂಥ ಅಭ್ಯಾಸವನ್ನೇ ಕೇಳುವ ಉದ್ಯೋಗದಾತರಿಗೆ ಅಭ್ಯಾಸವಿಲ್ಲದ ಸ್ನಾತಕೋತ್ತರ ಪದವಿ ಸಾಲದೆ ಹೋಗಬಹುದು. ಎಷ್ಟು ಗಂಟೆ ಪಾಠ ಮಾಡಲು ಸಿಗುತ್ತದೆ, ಎದುರಿಗೆ ಕುಳಿತವರು ನಿಜವಾದ ಕಲಿಯುವವರೋ ಸಹಪಾಠಿಗಳೋ, ಪಾಠವನ್ನು ಯಾರು ಗಮನಿಸಿ ಅಭಿಪ್ರಾಯ ಕೊಡುತ್ತಾರೆ ಎಂದು ವಿಭಾಗಕ್ಕೆ ಬರೆದು ಕೇಳಿ. ತರಗತಿಯಲ್ಲಿ ಇನ್ನೂ ಪಾಠ ಮಾಡದವರು ಮೊದಲು ಒಂದು ಪ್ರಮಾಣಪತ್ರ ಪಡೆದು ಎರಡು ವರ್ಷವಾದರೂ ಕಲಿಸಿ, ಅನಂತರ ಈ ಪದವಿಗೆ ಬರುವುದು ಲೇಸೆಂಬುದು ನನ್ನ ದೃಢ ಅಭಿಪ್ರಾಯ. ಅನುಭವವಿದ್ದವರಿಗೆ ಸಿದ್ಧಾಂತ ಬೇಗ ಮನಸ್ಸಿಗೆ ಇಳಿಯುತ್ತದೆ, ವಿದ್ಯಾರ್ಥಿವೇತನದ ಅರ್ಜಿಯೂ ಗಟ್ಟಿಯಾಗುತ್ತದೆ. ಅನುಭವಿ ಶಿಕ್ಷಕರಿಗಾಗಿ ಕೇಂಬ್ರಿಜ್ ನಡೆಸುವ ಡೆಲ್ಟಾ ಎಂಬ ಮೇಲಿನ ಹಂತದ ಅರ್ಹತೆಯನ್ನು ಮುಗಿಸಿದವರಿಗೆ ಕೆಲವು ವಿಶ್ವವಿದ್ಯಾಲಯಗಳು ಕ್ರೆಡಿಟ್ (ವ್ಯಾಸಂಗದ ಪ್ರಮಾಣವನ್ನು ಅಳೆಯುವ ಅಂಕ) ವಿನಾಯಿತಿ ಕೊಡುತ್ತವೆ. ಅದರಿಂದ ಶುಲ್ಕವೂ ಇಳಿಯಬಹುದು.

ಬ್ರಿಟನ್ನಿನಲ್ಲಿ ಈ ಪದವಿ ಸಾಮಾನ್ಯವಾಗಿ ಒಂದು ವರ್ಷದ, 180 ಕ್ರೆಡಿಟ್‌ಗಳ ವ್ಯಾಸಂಗ. ಅಮೆರಿಕದಲ್ಲಿ ಬಹುಮಟ್ಟಿಗೆ ಎರಡು ವರ್ಷ ಹಿಡಿಯುತ್ತದೆ. ಒಂದೇ ವರ್ಷವಾದರೆ ವಾಸದ ಖರ್ಚೂ ಸಂಬಳದ ನಷ್ಟವೂ ಕಡಿಮೆ ಎಂಬುದು ನಿಜ. ಆದರೆ ಅಮೆರಿಕದ ಕೆಲವು ವಿಭಾಗಗಳಲ್ಲಿ ದೊರೆಯುವ ಬೋಧನಾ ಸಹಾಯಕ ಹುದ್ದೆ ಆ ಲೆಕ್ಕವನ್ನೇ ತಿರುಗಿಸಬಲ್ಲದು. ವಾರಕ್ಕೆ ಸಾಮಾನ್ಯವಾಗಿ 20 ಗಂಟೆಯವರೆಗೆ ಬೋಧನೆ ಅಥವಾ ಅದಕ್ಕೆ ಸಂಬಂಧಿಸಿದ ಕೆಲಸ ಮಾಡಿದರೆ ಬೋಧನಾ ಶುಲ್ಕದಲ್ಲಿ ಪೂರ್ಣ ಅಥವಾ ಭಾಗಶಃ ವಿನಾಯಿತಿಯ ಜೊತೆಗೆ ತಿಂಗಳ ಭತ್ಯೆಯೂ ಸಿಗುತ್ತದೆ, ಮೇಲಾಗಿ ಬೋಧನೆಯ ಅನುಭವವೂ ಕೈಸೇರುತ್ತದೆ. ಈ ಹುದ್ದೆಗೆ ಹಲವೆಡೆ ಪ್ರತ್ಯೇಕ ಅರ್ಜಿ ಇರುತ್ತದೆ. ಹೊಸದಾಗಿ ಸೇರುವವರಲ್ಲಿ ಎಷ್ಟು ಮಂದಿಗೆ ಅದು ಸಿಗುತ್ತದೆ, ಎರಡನೆಯ ವರ್ಷಕ್ಕೂ ಮುಂದುವರಿಯುತ್ತದೆಯೇ, ಆರೋಗ್ಯ ವಿಮೆ ಯಾರ ಲೆಕ್ಕಕ್ಕೆ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ವಿದ್ಯಾರ್ಥಿವೇತನಗಳಲ್ಲಿ ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ಕನಿಷ್ಠ 2,800 ಗಂಟೆಗಳ ಕೆಲಸದ ಅನುಭವವನ್ನು ಕೇಳುತ್ತದೆ, ವ್ಯಾಸಂಗ ಮುಗಿದ ಮೇಲೆ ಎರಡು ವರ್ಷಗಳ ಕಾಲ ಸ್ವದೇಶಕ್ಕೆ ಮರಳಿರಬೇಕೆಂಬ ಷರತ್ತನ್ನೂ ಹಾಕುತ್ತದೆ. ಅಮೆರಿಕಕ್ಕೆ ಹೋಗುವವರಿಗೆ ಫುಲ್‌ಬ್ರೈಟ್ ಇದೆ, ಆದರೆ ಅದರ ಅರ್ಹತೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ನಿಘಂಟುಕಾರ ಎ. ಎಸ್. ಹಾರ್ನ್‌ಬಿ 1961ರಲ್ಲಿ ಸ್ಥಾಪಿಸಿದ ಟ್ರಸ್ಟ್ ಇಂಗ್ಲಿಷ್ ಶಿಕ್ಷಕರಿಗೆಂದೇ ಮೀಸಲು. ಇಂಥ ಅರ್ಜಿಗಳಲ್ಲಿ ಇಂಗ್ಲಿಷ್ ಮೇಲಿನ ಪ್ರೀತಿಯನ್ನು ಬಣ್ಣಿಸಿ ಪ್ರಯೋಜನವಿಲ್ಲ. ನೀವು ಕಲಿಸುತ್ತಿರುವ ಮಕ್ಕಳು ಎಲ್ಲಿ ಎಡವುತ್ತಿದ್ದಾರೆ, ಅದಕ್ಕೆ ನೀವು ಏನೇನು ಮಾಡಿ ನೋಡಿದಿರಿ, ಕೋರ್ಸಿನ ಯಾವ ಪತ್ರಿಕೆ ಅದಕ್ಕೆ ನೆರವಾಗುತ್ತದೆ, ಮರಳಿದ ಮೇಲೆ ಏನು ಮಾಡುವಿರಿ ಎಂಬುದನ್ನು ನಿರ್ದಿಷ್ಟವಾಗಿ ಬರೆಯಿರಿ.

ಇವಾವುವೂ ಒದಗದಿದ್ದರೆ ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಎರಡು ಮೂರು ವರ್ಷಗಳಲ್ಲಿ ಪದವಿ ಮುಗಿಸುವ ಮಾರ್ಗವಿದೆ. ಶುಲ್ಕವನ್ನು ಕಂತುಗಳಲ್ಲಿ ಕಟ್ಟಬಹುದು, ಓದಿದ್ದನ್ನು ಮರುದಿನವೇ ತರಗತಿಯಲ್ಲಿ ಪರೀಕ್ಷಿಸಬಹುದು. ಆದರೆ ಕೆಲವು ದೇಶಗಳ ಉದ್ಯೋಗದಾತರು ದೂರಶಿಕ್ಷಣದ ಪದವಿಯನ್ನು ಒಪ್ಪುವುದಿಲ್ಲವಾದ್ದರಿಂದ, ಮುಂದೆ ಕೆಲಸ ಮಾಡಬೇಕೆಂದಿರುವ ದೇಶದ ನಿಯಮವನ್ನು ಮೊದಲೇ ತಿಳಿದುಕೊಳ್ಳಿ.

ಸಾಲದ ವಿಷಯದಲ್ಲಿ ಪದವಿಯ ನಂತರ ಖಚಿತವಾಗಿ ಸಿಗಬಹುದಾದ ಸಂಬಳವನ್ನೇ ಆಧಾರವಾಗಿ ಹಿಡಿದು ಮಾಸಿಕ ಕಂತನ್ನು ಲೆಕ್ಕಹಾಕಿ. ಬೋಧನಾ ಶುಲ್ಕಕ್ಕೆ ವೀಸಾ, ಆರೋಗ್ಯ ಶುಲ್ಕ, ಪ್ರಯಾಣ, ಮನೆಯ ಮುಂಗಡಗಳನ್ನು ಸೇರಿಸಲು ಮರೆಯಬೇಡಿ. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಜೀವನ ವೆಚ್ಚದ ಹಣ ಖಾತೆಯಲ್ಲಿ ಸತತ 28 ದಿನ ಇದ್ದುದನ್ನು ತೋರಿಸಬೇಕಾಗಬಹುದು. ಕೊನೆಯ ಗಳಿಗೆಯಲ್ಲಿ ಹಣ ಹೊಂದಿಸಿದರೆ ಅರ್ಜಿ ತಿರಸ್ಕೃತವಾದೀತು. ಪ್ರವೇಶ ಖಚಿತಪಡಿಸಲು ಮುಂಗಡ ಶುಲ್ಕ ಕಟ್ಟುವ ಮುನ್ನ, ವಿದ್ಯಾರ್ಥಿವೇತನ ಸಿಗದಿದ್ದರೆ ಅದನ್ನು ಹಿಂದಿರುಗಿಸುವರೇ, ಸೀಟನ್ನು ಮುಂದಿನ ವರ್ಷಕ್ಕೆ ಕಾಯ್ದಿರಿಸುವರೇ ಎಂಬುದಕ್ಕೆ ಲಿಖಿತ ಉತ್ತರ ಪಡೆದುಕೊಳ್ಳಿ.