ಆಫ್ ಅಂದರೆ ನಿಂತಿತು ಅಂತಲೇ ಅಲ್ಲ

ಲೈಟ್ ಆಫ್ ಮಾಡು, ಫೋನ್ ಆಫ್ ಆಗಿದೆ. ಕನ್ನಡದ ನಡುವೆ ನಾವು ಬಳಸುವ ಆಫ್‌ಗೆ ಹೆಚ್ಚುಕಡಿಮೆ ಒಂದೇ ಅರ್ಥ, ನಿಂತಿತು. ಇಂಗ್ಲಿಷ್ ಆಡುವ ದೇಶಕ್ಕೆ ಹೊಸದಾಗಿ ಬಂದವರು ಎಡವುವುದು ಇಲ್ಲೇ.

ಎಲ್ಲಕ್ಕಿಂತ ಮೊದಲು ಅಲಾರಂ ವಿಷಯ ತಿಳಿದುಕೊಳ್ಳಿ. ‘ದಿ ಫೈರ್ ಅಲಾರಂ ವೆಂಟ್ ಆಫ್’ ಎಂದರೆ ಅಲಾರಂ ಹೊಡೆದುಕೊಂಡಿತು ಎಂದರ್ಥ. ನಿಂತಿತು ಎಂದುಕೊಂಡರೆ ಮೆಟ್ಟಿಲಿಳಿದು ಹೊರಗೆ ಹೋಗಬೇಕಾದ ಹೊತ್ತಿನಲ್ಲಿ ಒಳಗೇ ಉಳಿದುಬಿಡುತ್ತೀರಿ. ಬಂದೂಕು, ಪಟಾಕಿ, ಬಾಂಬ್ ‘ವೆಂಟ್ ಆಫ್’ ಆದರೆ ಸಿಡಿಯಿತು ಎಂದು. ಅದೇ ‘ದಿ ಲೈಟ್ಸ್ ವೆಂಟ್ ಆಫ್’ ಎಂದರೆ ದೀಪ ಆರಿತು. ಸದ್ದು ಮಾಡುವ, ಸಿಡಿಯುವ ವಸ್ತುವಾದರೆ ಶುರು. ದೀಪ, ಹೀಟರ್, ಕರೆಂಟ್ ಆದರೆ ಬಂದ್. ಹಾಲು ‘ವೆಂಟ್ ಆಫ್’ ಎಂದರೆ ಕೆಟ್ಟಿತು. ಈ ಬಳಕೆ ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಹೆಚ್ಚು. ಅಮೆರಿಕದವರು ಸಾಮಾನ್ಯವಾಗಿ ‘ವೆಂಟ್ ಬ್ಯಾಡ್’ ಅನ್ನುತ್ತಾರೆ.

ಇಷ್ಟೆಲ್ಲ ಅರ್ಥಗಳ ಬುಡದಲ್ಲಿರುವುದು ‘ಬಿಟ್ಟು ದೂರವಾಗು’ ಎಂಬ ಒಂದೇ ಭಾವ. ವಿಮಾನ ನೆಲ ಬಿಟ್ಟರೆ ಟೇಕ್ ಆಫ್, ಕೋಟು ಮೈ ಬಿಟ್ಟರೂ ಟೇಕ್ ಆಫ್, ಬೆಲೆಯಲ್ಲಿ ಶೇ. 20 ಬಿಟ್ಟರೆ ಟ್ವೆಂಟಿ ಪರ್ಸೆಂಟ್ ಆಫ್. ಹೊಸ ಪ್ರಯೋಗ ಕಿವಿಗೆ ಬಿದ್ದಾಗ, ಯಾವುದು ಯಾವುದನ್ನು ಬಿಟ್ಟು ಹೋಯಿತು ಎಂದು ಕೇಳಿಕೊಳ್ಳಿ. ಎಷ್ಟೋ ಸಲ ಅರ್ಥ ಸಿಗುತ್ತದೆ, ಎಲ್ಲ ಸಲವೂ ಅಲ್ಲ.

ನಾವು ಆಡುವ ‘ಆಫ್ ದಿ ಫ್ಯಾನ್’ ಅಲ್ಲಿ ವಾಕ್ಯವೇ ಅಲ್ಲ. ‘ಟರ್ನ್ ಆಫ್’ ಅಥವಾ ‘ಸ್ವಿಚ್ ಆಫ್’ ಅನ್ನಬೇಕು. ‘ಪುಟ್ ಆಫ್’ ಎಂದರೆ ಅವರ ಮೊದಲ ಅರ್ಥ ಮುಂದೂಡುವುದು. ಮೀಟಿಂಗ್ ‘ಪುಟ್ ಆಫ್’ ಆದರೆ ಇನ್ನೊಂದು ದಿನ ನಡೆಯುತ್ತದೆ, ‘ಕಾಲ್ಡ್ ಆಫ್’ ಆದರೆ ರದ್ದಾಯಿತು. ‘ಲೇಯ್ಡ್ ಆಫ್’ ಎಂದರೆ ಕಂಪನಿ ಜನ ಕಡಿಮೆ ಮಾಡುವಾಗ ಕೆಲಸ ಹೋಯಿತು. ತಪ್ಪಿಗಾಗಿ ತೆಗೆದರೆ ‘ಫೈರ್ಡ್’. ಸಂದರ್ಶನದಲ್ಲಿ ಈ ಎರಡನ್ನು ಅದಲುಬದಲು ಮಾಡಿದರೆ ಇಲ್ಲದ ಕಳಂಕವನ್ನು ನೀವೇ ಹಚ್ಚಿಕೊಂಡಂತೆ. ‘ಡೇ ಆಫ್’ ರಜೆ, ‘ಆಫ್ ಡೇ’ ಯಾವುದೂ ಸರಿಯಾಗಿ ಸಾಗದ ದಿನ.

ಬಸ್ಸು, ರೈಲು, ವಿಮಾನ, ಸೈಕಲ್‌ನಿಂದ ಇಳಿಯುವುದು ‘ಗೆಟ್ ಆಫ್’. ಕಾರು, ಟ್ಯಾಕ್ಸಿಯಿಂದ ‘ಗೆಟ್ ಔಟ್’.

ಇನ್ನು ಉಚ್ಚಾರ. ಸಂಬಂಧ ಸೂಚಿಸುವ ‘ಅವ್’ (of) ಮತ್ತು ಈ ‘ಆಫ್’ (off) ಹಳೆಯ ಇಂಗ್ಲಿಷಿನಲ್ಲಿ ಒಂದೇ ಪದ, ಆಮೇಲೆ ಕವಲೊಡೆದವು. ನಾವು ಎರಡನ್ನೂ ಆಫ್ ಎಂದೇ ಓದುತ್ತೇವೆ. ಮೊದಲನೆಯದರಲ್ಲಿ ಕಾಗುಣಿತ ಏನೇ ಇರಲಿ, ಕೊನೆಯ ಸದ್ದು ವಕಾರ. ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ, ಗಂಟಲ ಮೇಲೆ ಬೆರಳಿಟ್ಟು ಹೇಳಿ ನೋಡಿ: ಕೊನೆಯಲ್ಲಿ ‘ಅವ್’ ಕಂಪಿಸಬೇಕು, ‘ಆಫ್’ ಕಂಪಿಸಬಾರದು.

ಅರ್ಧ ಎನ್ನುವ ‘ಹಾಫ್’ನಲ್ಲಿ ನಮ್ಮಲ್ಲಿ ಅನೇಕರು ಹಕಾರ ನುಂಗುತ್ತಾರೆ. ಆಗ ಅರ್ಧ ದಿನ ರಜೆ ಕೇಳಿದ್ದು ಮ್ಯಾನೇಜರ್‌ಗೆ ಇಡೀ ದಿನದ್ದಾಗಿ ಕೇಳಿಸಬಹುದು. ಹಕಾರಕ್ಕೆ ಉಸಿರು ಜೋರಾಗಿ ಬಿಡಿ. ಅಮೆರಿಕದಲ್ಲಿ ಅದು ‘ಹ್ಯಾಫ್’. ನಾಲಿಗೆ ಪಳಗುವವರೆಗೆ ಮಧ್ಯಾಹ್ನ 1 ಗಂಟೆಯವರೆಗೆ ಕೆಲಸದಲ್ಲಿರುತ್ತೇನೆ ಎಂದು ಬರೆದು ಕಳಿಸುವುದೇ ಕ್ಷೇಮ.