ಸೀಲ್‌ಗೆ ಏನೇನು ತಾಗುತ್ತದೆ?

ಸೀಲ್ ಸೋರತೊಡಗಿದರೆ ‘ಇದಕ್ಕಿಂತ ಒಳ್ಳೆಯ ರಬ್ಬರ್ ಯಾವುದು?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಪಂಪ್ ಮತ್ತು ವಾಲ್ವ್‌ಗಳ ನಿರ್ವಹಣೆಯಲ್ಲಿ ಪಳಗಿದ ಮೇಲೆ ನಾನು ಆ ಪ್ರಶ್ನೆಯನ್ನು ಕೈಬಿಟ್ಟೆ. ಸೋರಿಕೆ ತಡೆಯಲು ಸಂದಿಯಲ್ಲಿ ಕೂರಿಸುವ ಈ ರಬ್ಬರ್ ಬಳೆಗೆ, ಅಂದರೆ ಓ-ರಿಂಗ್‌ಗೆ, ಏನೇನು ತಾಗುತ್ತದೆ ಎಂದು ಕೇಳುತ್ತೇನೆ. ಒಳಗೆ ಹರಿಯುವ ದ್ರವ ಮಾತ್ರವಲ್ಲ, ತೊಳೆಯುವ ರಾಸಾಯನಿಕವೂ ಜೋಡಿಸುವಾಗ ಸವರುವ ಗ್ರೀಸೂ ಪಟ್ಟಿಯಲ್ಲಿರಬೇಕು.

ಈ ಪಾಠವನ್ನು ಗಟ್ಟಿ ಮಾಡಿದ್ದು ಒಂದು ಬಿಸಿನೀರಿನ ಪಂಪ್. ಅದಕ್ಕೆ ಮೊದಲಿನಿಂದಲೂ ವೈಟಾನ್ ರಿಂಗ್ ಹಾಕುತ್ತಿದ್ದರು; 200 ಡಿಗ್ರಿ ಸೆಲ್ಸಿಯಸ್ ತಾಳುವ ದುಬಾರಿ ರಬ್ಬರ್ ಎಂಬ ನಂಬಿಕೆ. ಆದರೆ ಆ 200 ಡಿಗ್ರಿ ಒಣ ಬಿಸಿಗೆ ಮತ್ತು ಎಣ್ಣೆಗೆ ಸಲ್ಲುವ ಲೆಕ್ಕ. ಸಾಮಾನ್ಯ ದರ್ಜೆಯ ವೈಟಾನ್ ಬಿಸಿನೀರು, ಹಬೆಗಳಲ್ಲಿ ಕ್ರಮೇಣ ಕೆಡುತ್ತದೆ. ಕಾಸ್ಟಿಕ್ ಸೋಡಾ ಎಂಬ ತೀಕ್ಷ್ಣ ಕ್ಷಾರ ಅದನ್ನು ಇನ್ನೂ ಬೇಗ ಗಡಸಾಗಿಸಿ ಬಿರುಕು ಬಿಡಿಸುತ್ತದೆ, ಆ ಪಂಪನ್ನು ತೊಳೆಯುತ್ತಿದ್ದುದೇ ಕಾಸ್ಟಿಕ್‌ನಿಂದ. ಅದರ ಬದಲು ಇಪಿಡಿಎಂ ಎಂಬ ಅಗ್ಗದ ಕೃತಕ ರಬ್ಬರಿನ ರಿಂಗ್ ಹಾಕಿದೆ. ನೀರು, ಹಬೆ, ಕ್ಷಾರ ಮೂರನ್ನೂ ಅದು ಸಲೀಸಾಗಿ ತಡೆಯುತ್ತದೆ. ಪೆರಾಕ್ಸೈಡ್‌ನಿಂದ ಪಕ್ವಗೊಳಿಸಿದ ದರ್ಜೆಯಾದರೆ 150 ಡಿಗ್ರಿಯವರೆಗೂ ನಡೆಯುತ್ತದೆ.

ಆದರೆ ಇಪಿಡಿಎಂಗೆ ಪೆಟ್ರೋಲಿಯಂ ಎಣ್ಣೆ ಆಗದು. ಜೋಡಣೆಯ ಮೇಜಿನ ಮೇಲೆ ಸದಾ ಇರುವ ಸಾಮಾನ್ಯ ಗ್ರೀಸ್ ಸವರಿದರೂ ಅದು ಉಬ್ಬಿಕೊಳ್ಳುತ್ತದೆ. ಹಾಗಾಗಿ ರಿಂಗ್ ಜೊತೆಗೇ ಸಿಲಿಕೋನ್ ಗ್ರೀಸ್ ಎಂದೂ ಬರೆಸುತ್ತೇನೆ. ಸಿಲಿಕೋನ್ ರಬ್ಬರಿನ ರಿಂಗ್ ಆದರೆ ಆ ಗ್ರೀಸೂ ಸಲ್ಲದು, ರಿಂಗ್ ಆ ಗ್ರೀಸಿನಲ್ಲೇ ಉಬ್ಬುತ್ತದೆ. ಹೈಡ್ರಾಲಿಕ್ ಎಣ್ಣೆ, ಡೀಸೆಲ್‌ಗಳಿಗೆ ಸುಮಾರು 100 ಡಿಗ್ರಿಯವರೆಗೆ ನೈಟ್ರೈಲ್ ಎಂಬ ರಬ್ಬರ್ ಸಾಕು, ಅದಕ್ಕಿಂತ ಹೆಚ್ಚು ಖರ್ಚು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ತೆಗೆದ ಹಳೆಯ ರಿಂಗನ್ನು ನೋಡದೆ ಎಸೆಯಲು ಯಾರಿಗೂ ಬಿಡುವುದಿಲ್ಲ. ಮೆತ್ತಗಾಗಿ ದಪ್ಪವಾಗಿದ್ದರೆ ದ್ರವಕ್ಕೂ ರಬ್ಬರಿಗೂ ಹೊಂದಿಕೆಯಿಲ್ಲ. ಚಪ್ಪಟೆಯಾಗಿ ಹಾಗೇ ಉಳಿದಿದ್ದರೆ ಮೊದಲು ಅತಿಯಾದ ಬಿಸಿಯನ್ನು ಶಂಕಿಸುತ್ತೇನೆ. ಎಳೆತಕ್ಕೆ ಅಡ್ಡಲಾಗಿ ಸಣ್ಣ ಬಿರುಕುಗಳಿದ್ದರೆ ಗಾಳಿಯಲ್ಲಿನ ಓಝೋನ್ ಕಾರಣ. ನೈಟ್ರೈಲ್‌ನಲ್ಲಿ ಇದು ಸಾಮಾನ್ಯ. ಅಂಚು ಇಲಿ ಕಚ್ಚಿದಂತೆ ಹರಿದಿದ್ದರೆ ರಬ್ಬರಿನ ಜಾತಿ ಬದಲಿಸಿ ಫಲವಿಲ್ಲ. ಒತ್ತಡ ಅದನ್ನು ಸಂದಿಗೆ ತಳ್ಳಿದೆ. ಆಗ ರಬ್ಬರಿನ ಗಡಸುತನ ಅಳೆಯುವ ಶೋರ್ ಎ ಮಾಪಕದಲ್ಲಿ 70ರ ಬದಲು 90 ಇರುವ ರಿಂಗ್ ಹಾಕುತ್ತೇನೆ, ಇಲ್ಲವೇ ಅದು ಸಂದಿಗೆ ನುಗ್ಗದಂತೆ ಹಿಂದೆ ಬ್ಯಾಕಪ್ ರಿಂಗ್ ಎಂಬ ಗಟ್ಟಿ ಆಸರೆ ಬಳೆ ಕೂರಿಸುತ್ತೇನೆ.

ಚಳಿಯನ್ನು ಮಾತ್ರ ಬಹಳ ಮಂದಿ ಲೆಕ್ಕಕ್ಕೆ ಹಿಡಿಯುವುದಿಲ್ಲ. 1986ರ ಜನವರಿ 28ರಂದು ನಾಶವಾದ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಬೂಸ್ಟರ್ ರಾಕೆಟ್‌ನ ಜೋಡಣೆಯಲ್ಲಿದ್ದದ್ದು ವೈಟಾನ್ ವರ್ಗದ್ದೇ ರಬ್ಬರ್. ತಂಪಿಗೆ ಅದರ ಪುಟಿತನ ಕುಗ್ಗಿ, ತೆರೆದುಕೊಂಡ ಸಂದನ್ನು ಹೊತ್ತಿಗೆ ಸರಿಯಾಗಿ ಮುಚ್ಚಲಾಗಲಿಲ್ಲ. ಏಳು ಜೀವಗಳು ಹೋದವು. ಯಂತ್ರ ಓಡುವಾಗಿನ ಉಷ್ಣತೆಯ ಜೊತೆಗೆ, ನಿಂತು ತಣ್ಣಗಾದಾಗಿನ ಉಷ್ಣತೆಯನ್ನೂ ನಾನು ಕೇಳಿ ಬರೆದುಕೊಳ್ಳುವುದು ಇದಕ್ಕೇ.

ಬೋಲ್ಟ್ ಹಾಕಿ ಬಿಗಿಯುವ ಕೊಳವೆಯ ಅಂಚುಗಳ, ಅಂದರೆ ಫ್ಲೇಂಜ್‌ಗಳ, ನಡುವೆ ಇಡುವ ಗ್ಯಾಸ್ಕೆಟ್ ಎಂಬ ಸೀಲ್ ಹಾಳೆಯ ತರ್ಕ ಬೇರೆ. ಟೆಫ್ಲಾನ್ ಹೆಚ್ಚುಕಡಿಮೆ ಎಲ್ಲ ರಾಸಾಯನಿಕಗಳಿಗೂ ಜಗ್ಗದು, ಆದರೆ ಬಿಗಿದ ಒತ್ತಡಕ್ಕೆ ಮೆಲ್ಲಗೆ ಜರುಗಿ ಬೋಲ್ಟ್ ಸಡಿಲವಾಗುತ್ತದೆ. ಅದಕ್ಕೇ ಜರುಗುವಿಕೆ ತಗ್ಗಿಸುವ ಫಿಲ್ಲರ್ ಪುಡಿ ಸೇರಿಸಿದ್ದನ್ನು ಆರಿಸುತ್ತೇನೆ. ಹಬೆಯ ಕೊಳವೆಗೆ ಗ್ರ್ಯಾಫೈಟ್ ಒಳ್ಳೆಯದು. ಗಾಢ ನೈಟ್ರಿಕ್ ಆಮ್ಲದ ಹತ್ತಿರಕ್ಕೂ ಅದನ್ನು ತರಬಾರದು.

ಕಪ್ಪು ರಿಂಗ್‌ಗಳು ಬೆರೆತುಹೋದರೆ ಬಣ್ಣ ನೋಡಿ ಗುರುತಿಸಲಾಗದು. ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಒಮ್ಮೆ ತೂಗಿ ಸಾಂದ್ರತೆ ಲೆಕ್ಕಹಾಕುತ್ತೇನೆ. ವೈಟಾನ್ ಸಾಮಾನ್ಯವಾಗಿ ನೀರಿನ 1.8 ಪಟ್ಟಿನ ಆಸುಪಾಸಿನಲ್ಲಿರುತ್ತದೆ, ನೈಟ್ರೈಲ್ ಮತ್ತು ಇಪಿಡಿಎಂ ಅದಕ್ಕಿಂತ ಬಹಳ ಹಗುರ. ಸುಟ್ಟು ವಾಸನೆ ನೋಡುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ: ವೈಟಾನ್ ಉರಿದರೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಹೊರಡುತ್ತದೆ. ನೈಟ್ರೈಲ್ ಮತ್ತು ಇಪಿಡಿಎಂ ಎರಡರ ನಡುವೆಯೇ ಅನುಮಾನ ಉಳಿದರೆ ತುಣುಕೊಂದನ್ನು ಎಂಜಿನ್ ಆಯಿಲ್‌ನಲ್ಲಿ ರಾತ್ರಿಯಿಡೀ ನೆನೆಸಿ ಮತ್ತೆ ಅಳೆಯಿರಿ. ಎದ್ದು ಕಾಣುವಷ್ಟು ಉಬ್ಬಿದ್ದರೆ ಅದು ಇಪಿಡಿಎಂ.