ಕಿಡ್ನಿ ಆಪರೇಷನ್ ಆದ ರಾತ್ರಿ: ಬೆನ್ನಿನ ಬ್ಲಾಕ್ ಇಳಿಯುವ ಮೊದಲು ಮಾಡಬೇಕಾದ್ದು

ಮುಂಬೈಯ ಮಾಟುಂಗಾದ ಒಂದು ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ಮೂವತ್ತು ವರ್ಷ ನಿಂತ ಕುಂದಾಪುರದ ಅಣ್ಣ ಒಬ್ಬರು ನಮ್ಮ ವಾರ್ಡಿಗೆ ಬಂದಿದ್ದರು. ಕಿಡ್ನಿಯಲ್ಲಿ ದೊಡ್ಡ ಕಲ್ಲು. ಬೆನ್ನಿನ ಕಡೆಯಿಂದ ಸಣ್ಣ ತೂತು ಮಾಡಿ ಕಲ್ಲು ಪುಡಿ ಮಾಡಿ ತೆಗೆಯುವ ಪಿಸಿಎನ್‌ಎಲ್ ಆಯಿತು. ನೋವು ಗೊತ್ತಾಗದ ಹಾಗೆ ಬೆನ್ನಿಗೆ ಚುಚ್ಚುವ ಬ್ಲಾಕ್ ಕೊಟ್ಟದ್ದು ಮಧ್ಯಾಹ್ನ ಎರಡಕ್ಕೆ. ಸಂಜೆ ನಗುತ್ತಾ ಕೇಳಿದರು: "ಸಿಸ್ಟರ್, ಆಪರೇಷನ್ ಮಾಡಿದ್ದು ಹೌದಾ ಮಾರಾಯ್ರೆ? ನೋವೇ ಇಲ್ಲ!"

ರಾತ್ರಿ ಹತ್ತರ ಪ್ಯಾರಾಸಿಟಮಾಲ್ ಮಾತ್ರೆ ಹೊತ್ತಿಗೆ ಒಳ್ಳೇ ನಿದ್ದೆ. ಪಾಪ, ಮಲಗಲಿ ಅಂತ ನಾನು ಎಬ್ಬಿಸಲಿಲ್ಲ. ಎರಡು ಗಂಟೆಗೆ ಬೆಲ್ ಹೊಡೆಯಿತು. ಮಂಚದ ಕಂಬಿ ಹಿಡಿದು ಕೂತಿದ್ದರು, ಬೆವರಿಗೆ ಅಂಗಿ ಪೂರ್ತಿ ಒದ್ದೆ. ಆ ನೋವು ಹತೋಟಿಗೆ ಬರುವಷ್ಟರಲ್ಲಿ ಬೆಳಗಾಯಿತು. ತಪ್ಪು ನನ್ನದೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮುಂಬೈಯಲ್ಲಿ ಹದಿನೆಂಟು ವರ್ಷದಿಂದ ನರ್ಸ್ ನಾನು, ಊರಿನವರ ಫೋನ್ ವಾರಕ್ಕೆ ಒಂದಾದರೂ ಇದೇ ವಿಷಯಕ್ಕೆ ಬರುತ್ತದೆ.

ಬ್ಲಾಕ್ ಅಂದರೆ ಹಲ್ಲು ಕೀಳುವಾಗ ಒಸಡಿಗೆ ಚುಚ್ಚುತ್ತಾರಲ್ಲ, ಅದರ ಅಣ್ಣ ಅಂದುಕೊಳ್ಳಿ. ಪಕ್ಕೆ ಮತ್ತು ಬೆನ್ನಿನಿಂದ ನೋವಿನ ಸುದ್ದಿ ಒಯ್ಯುವ ನರಗಳ ಹತ್ತಿರ ಮರಗಟ್ಟಿಸುವ ಮದ್ದು ಹಾಕುತ್ತಾರೆ. ಸೋನೋಗ್ರಫಿ ಮೆಷಿನ್ನಿನ ಪರದೆಯಲ್ಲಿ ಸೂಜಿ ಎಲ್ಲಿದೆ ಅಂತ ನೋಡುತ್ತಲೇ ಚುಚ್ಚುವುದು. ಈಗ ಜಾಸ್ತಿ ಕೇಳಿಬರುವ ಹೆಸರು ಇ.ಎಸ್.ಪಿ. ಬ್ಲಾಕ್. 2016ರಲ್ಲಷ್ಟೇ ಮೊದಲು ವರದಿಯಾದದ್ದು. ಬೆನ್ನುಮೂಳೆಯ ಪಕ್ಕಕ್ಕೆ ಚಾಚಿದ ಎಲುಬಿನ ತುದಿ, ಅದರ ಮೇಲೆ ಉದ್ದಕ್ಕೆ ಹಾದುಹೋಗುವ ಸ್ನಾಯು, ಇವೆರಡರ ನಡುವೆ ಸುಮಾರು 20 ಮಿ.ಲೀ. ಮದ್ದು. ಅದು ಮೇಲಕ್ಕೂ ಕೆಳಕ್ಕೂ ಹರಡುತ್ತದೆ. ಕ್ಯೂ.ಎಲ್. ಅಂತ ಇನ್ನೊಂದಿದೆ, ಸೊಂಟದ ಸ್ನಾಯುವಿನ ಹತ್ತಿರ ಕೊಡುವುದು. ಯಾವುದು ಅಂತ ಆರಿಸುವುದು ಅನಸ್ತೇಶಿಯಾ ಡಾಕ್ಟರ ಕೆಲಸ, ಅದಕ್ಕೆ ನಾವು ತಲೆ ಕೆಡಿಸಿಕೊಳ್ಳುವುದು ಬೇಡ.

ನಮ್ಮ ಕೆಲಸ ಬೇರೆ ಇದೆ. ಆಪರೇಷನ್ನಿಗೆ ಮೊದಲು ಅನಸ್ತೇಶಿಯಾದವರು ನೋಡಲು ಬಂದಾಗ ಬಾಯಿ ಬಿಡಬೇಕು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಅದರ ಚೀಟಿಯನ್ನೇ ಕೈಗೆ ಕೊಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗಂತೂ ಇದು ಬಹಳ ಮುಖ್ಯ. ಹಾಗಂತ ನೀವೇ ನಿಲ್ಲಿಸಬೇಡಿ, ಯಾವಾಗ ನಿಲ್ಲಿಸುವುದು ಅಂತ ಅವರು ಹೇಳುತ್ತಾರೆ. ಹಲ್ಲಿನ ಇಂಜೆಕ್ಷನ್ನಿಗೆ ಹಿಂದೆ ಏನಾದರೂ ತೊಂದರೆಯಾಗಿದ್ದರೆ ಹೇಳಿ. ಬೆನ್ನಿನ ಮೇಲೆ ಕುರು, ಕಜ್ಜಿ ಇದ್ದರೂ ಹೇಳಿ. ತೂಕ ಕೇಳಿದರೆ ಸರಿಯಾಗಿ ಹೇಳಿ, ಸುಮ್ನೆ ಕಮ್ಮಿ-ಜಾಸ್ತಿ ಮಾಡಬೇಡಿ. ಮದ್ದಿನ ಲೆಕ್ಕ ತೂಕದ ಮೇಲೆ. ರೋಪಿವಾಕೇನ್ ಅನ್ನುವ ಮರಗಟ್ಟಿಸುವ ಮದ್ದಾದರೆ ಕಿಲೋಗೆ 3 ಮಿ.ಗ್ರಾಂ ದಾಟಬಾರದು ಅಂತ ಲೆಕ್ಕ.

ಕೊನೆಗೆ ಒಂದು ಪ್ರಶ್ನೆ ಕೇಳಿ: "ಬ್ಲಾಕ್ ಒಂದೇ ಸಲದ್ದಾ, ಅಲ್ಲ ಸಣ್ಣ ನಳಿಕೆ ಬಿಡ್ತೀರಾ?" ನಳಿಕೆ ಇದ್ದರೆ ಆಗಾಗ ಮದ್ದು ಹಾಕಬಹುದು. ಒಂದೇ ಸಲದ್ದು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಗಂಟೆ, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು. ಆಪರೇಷನ್ ಮುಗಿದ ಮೇಲೆ ಬ್ಲಾಕ್ ಕೊಟ್ಟ ಹೊತ್ತು ಕೇಳಿ ಬರೆದಿಟ್ಟುಕೊಳ್ಳಿ. ಮಧ್ಯಾಹ್ನದ ಬ್ಲಾಕ್ ನಡುರಾತ್ರಿ ಇಳಿಯುತ್ತದೆ, ವಾರ್ಡಿನಲ್ಲಿ ಜನ ಕಮ್ಮಿ ಇರುವ ಹೊತ್ತಿಗೇ. ಆದ್ದರಿಂದ ನೋವು ಇಲ್ಲದಿದ್ದರೂ ಡಾಕ್ಟರ್ ಬರೆದ ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗಬೇಕು. ಮಲಗಿದ್ದರೆ ಎಬ್ಬಿಸಿ ಕೊಡಲು ಹೇಳಿ. ಆ ಅಣ್ಣ ಇನ್ನೊಂದು ಬದಿಯ ಕಲ್ಲಿಗೆ ನಾಲ್ಕು ತಿಂಗಳ ಮೇಲೆ ಮತ್ತೆ ಬಂದಾಗ ಮೊಬೈಲಿನಲ್ಲಿ ಹತ್ತು ಗಂಟೆಗೆ ಅಲಾರಾಂ ಇಟ್ಟಿದ್ದರು. ಇಡೀ ವಾರ್ಡ್ ಎದ್ದು ಕೂತಿತು.

ಮನೆಯವರು ಮೆಡಿಕಲ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಿಸುವುದು ಮಾತ್ರ ಬೇಡವೇ ಬೇಡ. ಅವು ಕಿಡ್ನಿಗೆ ಹೋಗುವ ರಕ್ತವನ್ನು ಕಮ್ಮಿ ಮಾಡುತ್ತವೆ. ಕಿಡ್ನಿ ಕೆಲಸ ಕುಂದಿದವರಿಗೆ ಮಾರ್ಫಿನ್ ಅನ್ನುವ ಬಲವಾದ ನೋವಿನ ಮದ್ದು ಕೂಡ ಒಳಗೇ ಕೂಡಿಕೊಂಡು ಮಂಪರು ತರುತ್ತದೆ. ಬ್ಲಾಕಿನ ಬೆಲೆ ಇಲ್ಲೇ ಇರುವುದು: ಅಂಥ ಮದ್ದುಗಳು ಕಮ್ಮಿ ಸಾಕಾಗುತ್ತವೆ.

ಬ್ಲಾಕ್ ಹಿಡಿದಿದೆಯಾ ಅಂತ ನಾವು ಸ್ಪಿರಿಟ್ ಹತ್ತಿಯಲ್ಲಿ ನೋಡುತ್ತೇವೆ. ಭುಜಕ್ಕೆ ಮುಟ್ಟಿಸಿದರೆ ತಣ್ಣಗೆ, ಪಕ್ಕೆಗೆ ಮುಟ್ಟಿಸಿದರೆ ಹತ್ತಿ ತಾಗಿದ್ದು ಗೊತ್ತಾದರೂ ತಂಪು ಗೊತ್ತಾಗುವುದಿಲ್ಲ. ಹಾಗಾಗಿ ಬಿಸಿನೀರಿನ ಬ್ಯಾಗ್ ಆ ಜಾಗಕ್ಕೆ ಇಡಲೇಬಾರದು. ಒಬ್ಬರ ಹೆಂಡತಿ ಪ್ರೀತಿಯಿಂದ ಇಟ್ಟಿದ್ದರು. ಬೆಳಿಗ್ಗೆ ನೋಡಿದರೆ ಅಂಗೈಯಗಲ ಬೊಬ್ಬೆ.

ಇನ್ನು, ಬ್ಲಾಕ್ ಎಲ್ಲವನ್ನೂ ಮುಚ್ಚುವುದಿಲ್ಲ. ಮೂತ್ರದ ನಳಿಕೆಯ ಉರಿ, ಕಿಡ್ನಿಯಿಂದ ಮೂತ್ರಚೀಲಕ್ಕೆ ಒಳಗೇ ಇಟ್ಟ ಸಣ್ಣ ಕೊಳವೆಯ (ಡಿ.ಜೆ. ಸ್ಟೆಂಟ್) ಸೆಳೆತ ಇದ್ದೇ ಇರುತ್ತವೆ. ಹೊಟ್ಟೆಗೆ ಸಣ್ಣ ತೂತು ಮಾಡಿ ಮಾಡುವ ದೂರ್ಬೀನಿನ ಆಪರೇಷನ್ (ಲ್ಯಾಪರೊಸ್ಕೋಪಿ) ಆದರೆ ಹೊಟ್ಟೆಗೆ ತುಂಬಿದ ಗ್ಯಾಸಿನಿಂದ ಭುಜ ನೋಯಬಹುದು. ಬ್ಲಾಕ್ ಫೇಲ್ ಆಯಿತು ಅಂತ ಗಾಬರಿ ಬೇಡ. ಯಾವ ಜಾಗ, ಎಂಥ ನೋವು ಅಂತ ಬಿಡಿಸಿ ಹೇಳಿ, ಪ್ರತಿಯೊಂದಕ್ಕೂ ಮದ್ದು ಬೇರೆ. ಹಿಂದಿಯಲ್ಲಿ ಎಲ್ಲಾ "ದರ್ದ್" ಅಂದುಬಿಟ್ಟರೆ ನಮಗೆ ಗೊತ್ತಾಗುವುದು ಹೇಗೆ? ಉರಿಗೆ "ಜಲನ್" ಅನ್ನಿ. ಜೋಮು ಹಿಡಿದಿದ್ದರೆ ಮರಾಠಿ ಸಿಸ್ಟರಿಗೆ "ಮುಂಗ್ಯಾ" ಅನ್ನಿ, ಅಂದರೆ ಇರುವೆಗಳು. ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಮೊದಲ ಸಲ ಮಂಚದಿಂದ ಇಳಿಯುವಾಗ ಒಬ್ಬರೇ ಇಳಿಯಬೇಡಿ. ಕ್ಯೂ.ಎಲ್. ಬ್ಲಾಕಿನಲ್ಲಿ ಕೆಲವರಿಗೆ ತೊಡೆ ಬಲ ಕಳೆದುಕೊಂಡು ಮಂಡಿ ಮಡಚಿಕೊಳ್ಳುತ್ತದೆ. ಬಾಯಲ್ಲಿ ಕಬ್ಬಿಣದ ರುಚಿ, ತುಟಿ ನಾಲಿಗೆ ಮರಗಟ್ಟುವುದು, ಕಿವಿಯಲ್ಲಿ ಗುಂಯ್ ಅನ್ನುವುದು, ಉಸಿರು ಕಟ್ಟುವುದು, ಇವು ಬಂದರೆ ಆ ಕ್ಷಣವೇ ಬೆಲ್ ಒತ್ತಿ. ಮಾರನೇ ದಿನವೂ ಕಾಲು ಮರಗಟ್ಟಿಯೇ ಇದ್ದರೆ ಡಾಕ್ಟರಿಗೆ ಹೇಳಿ. ಮತ್ತೆ, ಬೆಲ್ ಕೆಲಸ ಮಾಡುತ್ತಾ ಅಂತ ಸಂಜೆಯೇ ಒಮ್ಮೆ ಒತ್ತಿ ನೋಡಿಕೊಳ್ಳಿ. ಎಲ್ಲಾ ಮಂಚದ ಬೆಲ್ಲೂ ಕೆಲಸ ಮಾಡುವುದಿಲ್ಲ.